ಎಣ್ಣೆ ಕರಗದ ಮೂಲೆ

ಅಣ್ಣನ ಫೋನು ಬಂದಾಗ ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನಮ್ಮ ಮನೆ ಹೊನ್ನಾವರದಲ್ಲಿ. ಅಲ್ಲಿಯ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಅಣ್ಣ ಹಿರೇಗುತ್ತಿಯ ನನ್ನ ತವರುಮನೆಯಲ್ಲಿ ಗದ್ದೆ ಮಾಡಿಕೊಂಡಿದ್ದಾನೆ, ನಮ್ಮನ್ನು ಹೆತ್ತ ಆಯಿಯೂ ಅವನ ಜೊತೆಗೇ ಇದ್ದಾಳೆ. ಬೆಳಿಗ್ಗೆ ಹೊತ್ತಿನಲ್ಲಿ ಫೋನು ಮಾಡುವ ಅಭ್ಯಾಸ ಅವನಿಗಿಲ್ಲ. ಹೆಸರು ಕಂಡ ಕೂಡಲೇ ಚೀಲ ಕೆಳಗಿಟ್ಟು ಫೋನು ಎತ್ತಿದೆ.

“ಆಯಿ ಆರಾಮಿದ್ದಾಳೆ,” ಎಂದು ಅವನೇ ಮೊದಲು ಹೇಳಿದ. “ಟ್ಯಾಂಕರ್ ಬಿದ್ದೋತೇ. ರಸ್ತೆ ಬಿಟ್ಟು ನಮ್ಮ ಗದ್ದೆಗೇ ಬಿದ್ದೋತು. ಡೀಸೆಲ್ ಮಾರಾಯ್ತಿ, ಮಳೆ ನೀರು ಹರ್ದಂಗೆ ಹರೀತಾ ಅದೆ. ಎಂತ ಮಾಡುದು ಗೊತ್ತಾಗುದಿಲ್ಲ.”

ಕಾಲೇಜಿಗೆ ರಜೆ ಹೇಳಿ ಊರಿಗೆ ಹೊರಟೆ. ಬಸ್ಸು ಅಘನಾಶಿನಿ ಸೇತುವೆ ದಾಟುತ್ತಿದ್ದಂತೆ ಮುಂದೆ ಲಾರಿಗಳ ಸಾಲು ನಿಂತಿತ್ತು. ಇಳಿದು ನಡೆದೆ. ಗದ್ದೆ ಕಾಣುವ ಮೊದಲೇ ವಾಸನೆ ಮೂಗಿಗೆ ಅಡರಿತು. ತಿರುವಿನಲ್ಲಿ ಟ್ಯಾಂಕರು ಮಗ್ಗುಲಾಗಿ ಬಿದ್ದಿತ್ತು. ಚಾಲಕನ ಕೈಗೆ ಪೆಟ್ಟಾಗಿತ್ತಂತೆ, ಆಸ್ಪತ್ರೆಗೆ ಒಯ್ದಿದ್ದರು. ಎಲ್ಲಿಂದಲೋ ಬಂದ ಜನ ಕ್ಯಾನು, ಕೊಡಪಾನ ಹಿಡಿದು ಗದ್ದೆಗೆ ಇಳಿದಿದ್ದರು. ಅಣ್ಣ ಕೈಯಲ್ಲಿ ಕೋಲು ಹಿಡಿದು ಅವರನ್ನು ಅಟ್ಟುತ್ತಿದ್ದ. “ಬೀಡಿ ಹಚ್ಚಬೇಡ್ರೋ, ಒಬ್ಬ ಹಚ್ಚಿದ್ರೆ ಎಲ್ಲರೂ ಹೋಗ್ತ್ರಿ!” ಎಂದು ಕೂಗಿ ಕೂಗಿ ಅವನ ಗಂಟಲು ಬಿದ್ದುಹೋಗಿತ್ತು. ಜಗಲಿಯ ಮೇಲೆ ಆಯಿ, ಅತ್ತಿಗೆ ನಿಂತಿದ್ದರು. ಅತ್ತಿಗೆ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಅದರ ಮೂಗಿಗೆ ಸೆರಗು ಒತ್ತಿ ಹಿಡಿದಿದ್ದಳು. ಆಗಷ್ಟೇ ಮಾತು ಕೂಡಿಸುತ್ತಿದ್ದ ಕೂಸು ಅದು.

ಅಗ್ನಿಶಾಮಕದವರು ನೊರೆ ಹಾಕಿದರು, ಪೊಲೀಸರು ಜನರನ್ನು ಚದುರಿಸಿದರು. ಮರುದಿನ ಕ್ರೇನು ಬಂದು ಟ್ಯಾಂಕರು ಎತ್ತಿತು. ಎಣ್ಣೆ ಸಾಗಿಸುತ್ತಿದ್ದವರ ಕಡೆಯಿಂದ ಬಂದವರು ಮೇಲಿನ ಮಣ್ಣನ್ನು ಕೆರೆದು ತುಂಬಿಕೊಂಡು ಹೋದರು. ಕೆಳಕ್ಕೆ ಇಳಿದದ್ದು ಇಳಿದೇ ಉಳಿಯಿತು. ಭತ್ತದ ಕೊಯ್ಲು ಮುಗಿದು ಈರುಳ್ಳಿ ನಾಟಿಗೆ ಹದಗೊಳಿಸಿಟ್ಟಿದ್ದ ಗದ್ದೆ ಅದು. ಸಸಿ ಮಡಿಯಲ್ಲಿ ತಯಾರಾಗಿತ್ತು. ನಮ್ಮ ಕಡೆಯ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ಹೆದ್ದಾರಿಯ ಬದಿಗೆ ತೂಗು ಹಾಕಿ ಮಾರುತ್ತಾರಲ್ಲ, ಅಣ್ಣನ ಮನೆ ನಡೆಯುವುದು ಮುಖ್ಯವಾಗಿ ಅದರ ಮೇಲೆಯೇ.

“ನೀನು ಹುಳದ ಬಗ್ಗೆ ಕಲಿಸುವವಳಲ್ಲವೇನೇ,” ಎಂದ ಅಣ್ಣ, ಗದ್ದೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು. “ಇದಕ್ಕೆ ಎಂತಾದ್ರೂ ಹುಳ ಅದೆಯಾ?”

ಇದೆ ಎಂದೆ. ಅದು ನಾನು ಪ್ರತಿ ವರ್ಷ ಪಾಠ ಮಾಡುವ ವಿಷಯ. ಮಣ್ಣಿನಲ್ಲಿ ಎಣ್ಣೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಮೊದಲೇ ಇರುತ್ತವೆ. ಹೊಟ್ಟೆಗೆ ಸಿಗದೆ ಕಡಿಮೆ ಸಂಖ್ಯೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ. ಎಣ್ಣೆ ಬಿದ್ದರೆ ಅವಕ್ಕೆ ಊಟ ಬಂದ ಹಾಗೆ. ಆದರೆ ಬರೀ ಎಣ್ಣೆಯಿಂದ ಆಗುವುದಿಲ್ಲ. ಗೊಬ್ಬರದ ಸಾರ ಬೇಕು, ಗಾಳಿ ಬೇಕು, ಹದವಾದ ತೇವ ಬೇಕು. ಇಷ್ಟು ಒದಗಿಸಿದರೆ ಡೀಸೆಲನ್ನು ಅವು ತಿಂಗಳುಗಳಲ್ಲಿ ಮುಗಿಸುತ್ತವೆ. ನಾನು ಪುಸ್ತಕದ ಮಾತನ್ನೇ ಬಿಡಿಸಿ ಹೇಳಿದೆ. ಅಣ್ಣ ಎಷ್ಟು ನಂಬಿದನೋ ತಿಳಿಯದು. “ನೀನು ಹೇಳ್ದಂಗೇ ಮಾಡ್ತೆ, ಬೇರೆ ಎಂತ ದಾರಿ ಅದೆ,” ಎಂದ.

ಕೊಟ್ಟಿಗೆ ಗೊಬ್ಬರ, ಒಣಹುಲ್ಲಿನ ಚೂರು, ಸ್ವಲ್ಪ ಯೂರಿಯಾ ಬೆರೆಸಿ ಅವನು ಗದ್ದೆಯನ್ನು ಮಗುಚಿದ. ವಾರ ವಾರ ಟಿಲ್ಲರು ಹೊಡೆದ. ಸಂಜೆ ನೀರು ಚಿಮುಕಿಸಿದ. ರಜೆಯ ದಿನ ನಾನು ಹೋಗಿ ಗದ್ದೆಯ ಬೇರೆ ಬೇರೆ ಜಾಗದಿಂದ ಬಾಟಲಿಯಲ್ಲಿ ಮಣ್ಣು ತಂದು ಕಾಲೇಜಿನ ಪ್ರಯೋಗಾಲಯದಲ್ಲಿ ನೋಡುತ್ತಿದ್ದೆ. ಬಾವಿಯ ಚಿಂತೆ ಎಲ್ಲಕ್ಕಿಂತ ದೊಡ್ಡದಿತ್ತು. ಮನೆಗೂ ಗದ್ದೆಗೂ ನಡುವೆ ಬಾವಿ. ನೀರು ಸೇದಿದ ಕೂಡಲೇ ಅತ್ತಿಗೆ ಕೊಡದ ಬಾಯಿಗೆ ಮೂಗು ಹಿಡಿದು ನೋಡುವುದನ್ನು ರೂಢಿ ಮಾಡಿಕೊಂಡಳು. ನೀರಿನ ಮೇಲೆ ಎಣ್ಣೆಯ ಬಣ್ಣ ಒಮ್ಮೆಯೂ ಕಾಣಲಿಲ್ಲ.

ಸೆಕೆ ಶುರುವಾಗುವ ಹೊತ್ತಿಗೆ ಗದ್ದೆಯ ಬಹುಭಾಗದಲ್ಲಿ ವಾಸನೆ ಇಳಿದಿತ್ತು. ಕಳೆ ಹುಟ್ಟಿತು. ಎರೆಹುಳ ಕಂಡವು. ಅಣ್ಣ ಪರೀಕ್ಷೆಗೆಂದು ಒಂದೆಡೆ ಬಿತ್ತಿದ ಅಲಸಂದೆ ಎರಡೆಲೆ ಬಿಟ್ಟು ನಿಂತಿತು. ಅವನು ಅದರ ಫೋಟೋ ಕಳಿಸಿದಾಗ ನಾನು ಅದನ್ನು ತರಗತಿಯಲ್ಲಿ ಮಕ್ಕಳಿಗೆ ತೋರಿಸಿದೆ.

ಆದರೆ ರಸ್ತೆ ಕಡೆಯ ಒಂದು ಮೂಲೆ ಹಾಗೇ ಇತ್ತು. ಅಲ್ಲಿ ಮಣ್ಣು ಕಪ್ಪಾಗಿಯೇ ಇತ್ತು. ಕೈಯಲ್ಲಿ ಹಿಡಿದರೆ ಟ್ಯಾಂಕರು ಬಿದ್ದ ದಿನದ್ದೇ ಘಾಟು. ಒಂದು ಕಳೆ ಕೂಡ ಇಲ್ಲ. ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಟ್ಯಾಂಕರು ಬಿದ್ದದ್ದೇ ಆ ಬದಿಗೆ, ಎಣ್ಣೆ ಹೆಚ್ಚು ಕುಡಿದಿರಬೇಕು ಎಂದುಕೊಂಡೆ. ಆದರೆ ಟ್ಯಾಂಕರಿನ ಬಾಯಿ ಇದ್ದ ಜಾಗದಲ್ಲೇ ಹುಲ್ಲು ಹುಟ್ಟಿತ್ತಲ್ಲ! ಮೂಲೆಗೆ ಇಮ್ಮಡಿ ಗೊಬ್ಬರ ಹಾಕಿಸಿದೆ. ಇನ್ನೂ ಹೆಚ್ಚು ಮಗುಚಿಸಿದೆ. ಚೆನ್ನಾಗಿರುವ ಕಡೆಯ ಮಣ್ಣಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ದು ಸುರಿದು ಬಂದೆ. ಕೆಲವು ವಾರ ಬಿಟ್ಟು ನೋಡಿದರೆ ಅವು ಬೆರಳೆಣಿಕೆಗೆ ಇಳಿದಿದ್ದವು.

ಪ್ರಯೋಗಾಲಯದಲ್ಲಿ ಎರಡು ಗಾಜಿನ ಜಾಡಿ ಇಟ್ಟೆ. ಒಂದರಲ್ಲಿ ಒಳ್ಳೆಯ ಕಡೆಯ ಮಣ್ಣು, ಇನ್ನೊಂದರಲ್ಲಿ ಮೂಲೆಯ ಮಣ್ಣು. ಎರಡಕ್ಕೂ ಅಷ್ಟಷ್ಟೇ ಡೀಸೆಲು, ಅಷ್ಟಷ್ಟೇ ನೀರು. ಎರಡರೊಳಗೂ ಸಣ್ಣ ಬಟ್ಟಲಲ್ಲಿ ಸುಣ್ಣದ ತಿಳಿನೀರು ಇಟ್ಟು ಮುಚ್ಚಿದೆ. ಎಣ್ಣೆ ತಿನ್ನುವ ಜೀವಿಗಳು ನಮ್ಮ ಹಾಗೇ ಉಸಿರು ಬಿಡುತ್ತವೆ, ಆ ಉಸಿರು ತಾಗಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಒಳ್ಳೆಯ ಮಣ್ಣಿನ ಬಟ್ಟಲು ಬೇಗ ಬೆಳ್ಳಗಾಯಿತು. ಮೂಲೆಯದು ಇಟ್ಟ ಹಾಗೇ ತಿಳಿಯಾಗಿತ್ತು. ಕಾಲೇಜಿಗೆ ಕಾಲಿಟ್ಟ ಕೂಡಲೇ ಮೊದಲು ಅದನ್ನು ನೋಡುವುದು, ಮನೆಗೆ ಹೊರಡುವ ಮುಂಚೆ ಮತ್ತೆ ನೋಡುವುದು, ಇದೇ ಆಯಿತು. ಆ ಮಣ್ಣಿನಲ್ಲಿ ಏನೂ ಉಸಿರಾಡುತ್ತಿಲ್ಲ ಎಂಬುದು ನನ್ನನ್ನು ಒಳಗಿಂದ ಕೊರೆಯತೊಡಗಿತು. ಎಣ್ಣೆಯೊಂದೇ ಆಗಿದ್ದರೆ ಹೀಗೆ ಆಗಬಾರದು. ಇನ್ನೇನೋ ಇದೆ.

ಏನು ಎಂಬುದು ಒಂದು ಭಾನುವಾರ ಗೊತ್ತಾಯಿತು. ನಾನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆ. ಅಣ್ಣ ಗದ್ದೆಯಿಂದ ಬಂದು ಕೈಯಲ್ಲಿದ್ದದ್ದನ್ನು ನನ್ನ ಮುಂದೆ ಇಟ್ಟ. ಹೆಬ್ಬೆರಳ ಗಾತ್ರದ, ನಡುವೆ ತೂತಿದ್ದ ಬೂದು ಬಣ್ಣದ ಗುಂಡು. ಕೈಗೆತ್ತಿದರೆ ಗಾತ್ರಕ್ಕೆ ಮೀರಿದ ಭಾರ.

“ಟಿಲ್ಲರಿಗೆ ಸಿಕ್ತು ನೋಡು. ಅಪ್ಪನ ಗುಂಡು!” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಚಹಾದ ಲೋಟ ಕೆಳಗಿಟ್ಟೆ.

ಹೆದ್ದಾರಿ ಅಗಲ ಮಾಡುವ ಮೊದಲು ಆ ಮೂಲೆಯಲ್ಲಿ ಅಪ್ಪನ ಶೆಡ್ಡು ಇತ್ತು. ಲಾರಿ, ಟೆಂಪೋ, ದೋಣಿಯ ಯಂತ್ರಗಳ ಬ್ಯಾಟರಿ ರಿಪೇರಿ ಮಾಡುತ್ತಿದ್ದ. ಸತ್ತ ಬ್ಯಾಟರಿಗಳನ್ನು ಒಡೆದು ಒಳಗಿನ ಸೀಸದ ತಟ್ಟೆ ತೆಗೆದು ಕರಗಿಸಿ ಅಚ್ಚಿಗೆ ಹೊಯ್ದು ಬಲೆಯ ಅಂಚಿಗೆ ಕಟ್ಟುವ ಗುಂಡು ಮಾಡುತ್ತಿದ್ದ. ತದಡಿಯಿಂದ ಮೀನುಗಾರರು ಬಂದು ಒಯ್ಯುತ್ತಿದ್ದರು. ಕರಗಿದ ಸೀಸ ಬೆಳ್ಳಿಯ ಹಾಗೆ ಹೊಳೆಯುವುದನ್ನು ನಾನು, ಅಣ್ಣ ಬಾಗಿ ನೋಡುತ್ತಿದ್ದೆವು. ಆರಿದ ಗುಂಡುಗಳಿಂದ ಆಡುತ್ತಿದ್ದೆವು. ಉಳಿದ ಆಸಿಡು, ಸೀಸದ ಕಿಟ್ಟ, ಬೂದಿ ಎಲ್ಲ ಶೆಡ್ಡಿನ ಹಿಂದಿನ ಗುಂಡಿಗೆ ಬೀಳುತ್ತಿತ್ತು. ರಸ್ತೆಗೆ ಜಾಗ ಹೋದಾಗ ಶೆಡ್ಡು ಕೆಡವಿದರು, ಉಳಿದ ತುಂಡನ್ನು ಜೆಸಿಬಿ ಸಮ ಮಾಡಿತು. ಅಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಆಮೇಲೆ ಅಣ್ಣ ಆ ತುಂಡನ್ನೂ ಗದ್ದೆಗೆ ಸೇರಿಸಿಕೊಂಡ. ಗದ್ದೆಯೇ ಆದ ಮೇಲೆ ಅಲ್ಲಿ ಶೆಡ್ಡು ಇದ್ದದ್ದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು.

ಎಣ್ಣೆ ಬಿದ್ದ ಮಣ್ಣಿನಲ್ಲಿ ಸೀಸದಂಥ ಭಾರಲೋಹ ಇದ್ದರೆ ಎಣ್ಣೆ ತಿನ್ನಬೇಕಾದ ಜೀವಿಗಳೇ ವಿಷವೇರಿ ಸಾಯುತ್ತವೆ. ಇದೂ ನಾನು ಪಾಠ ಮಾಡುವ ವಿಷಯವೇ, ಅದೇ ಅಧ್ಯಾಯದ ಕೊನೆಯ ಪುಟದಲ್ಲಿ ಬರುತ್ತದೆ. ಬ್ಯಾಟರಿಯ ಆಸಿಡು ಸೇರಿದರೆ ಸೀಸ ಇನ್ನಷ್ಟು ಸುಲಭವಾಗಿ ನೀರಿನಲ್ಲಿ ಕರಗುತ್ತದೆ. ಎಣ್ಣೆಯನ್ನಾದರೂ ತಿಂದು ಮುಗಿಸಬಹುದು. ಸೀಸವನ್ನು ಯಾವ ಜೀವಿಯೂ ತಿಂದು ಇಲ್ಲದಂತೆ ಮಾಡಲಾರದು. ಅದು ಇದ್ದಲ್ಲೇ ಇರುತ್ತದೆ.

“ಮಗುಚುದು ನಿಲ್ಲಿಸು,” ಎಂದೆ ಅಣ್ಣನಿಗೆ. “ಇವತ್ತೇ ನಿಲ್ಲಿಸು. ಧೂಳು ಏಳಬಾರ್ದು.”

“ಎಂತಕ್ಕೆ? ನೀನೇ ಹೇಳಿದ್ದಲ್ಲವೇ?”

ಉತ್ತರ ಕೊಡುವ ಮೊದಲು ನಾನು ಸುತ್ತ ನೋಡಿದೆ. “ಕೂಸು ಎಲ್ಲಿ?”

ಕೂಸು ಅಣ್ಣನ ಹಿಂದೆಯೇ ಗದ್ದೆಗೆ ಹೋಗಿ ಅಲ್ಲೇ ಉಳಿದಿತ್ತು. ನಾವಿಬ್ಬರೂ ಓಡಿದೆವು. ಅದು ಮೂಲೆಯ ಅಂಚಿನಲ್ಲಿ ಕೂತು ಆಡುತ್ತಿತ್ತು. ಮುಂದೆ ತೆಂಗಿನ ಗರಟೆಯಲ್ಲಿ ಇನ್ನೂ ಕೆಲವು ಗುಂಡುಗಳನ್ನು ಹೆಕ್ಕಿ ಹಾಕಿಕೊಂಡಿತ್ತು. ನನ್ನನ್ನು ಕಂಡು “ಅತ್ತೆ, ನೋಡು!” ಎಂದು ಒಂದನ್ನು ಎತ್ತಿ ಹಿಡಿಯಿತು. ಬಾಯಿಯ ಸುತ್ತ ಮಣ್ಣಿತ್ತು.

ಎತ್ತಿಕೊಂಡು ಬಾವಿಕಟ್ಟೆಗೆ ಒಯ್ದು ಬಾಯಿ, ಕೈ, ಉಗುರ ಸಂದು ಎಲ್ಲ ತಿಕ್ಕಿ ತೊಳೆದೆ. ಕೂಸು ಹೆದರಿ ಅತ್ತಿತು. ಅತ್ತಿಗೆ ಅಡಿಗೆಮನೆಯಿಂದ ಬಂದಳು.

“ಅದು ಮಣ್ಣು ತಿನ್ನುದು ಬಿಡುದೇ ಇಲ್ಲ,” ಎಂದಳು, ಸಲೀಸಾಗಿ. “ಎಷ್ಟ್ ಹೊಡೆದ್ರೂ ಇಲ್ಲ. ಗೋಡೆನೂ ಕೆರೆದು ತಿಂತದೆ.”

“ಎಷ್ಟು ದಿನದಿಂದ?”

ನನ್ನ ದನಿ ಹೇಗಿತ್ತೋ, ಅವಳ ಮುಖ ಬಣ್ಣಗೆಟ್ಟಿತು. ನಾನು ಹೇಳಲೇಬೇಕಾಯಿತು. ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ತೊಂದರೆ, ಮಿದುಳು ಬೆಳೆಯುವ ವಯಸ್ಸು, ರಕ್ತ ಪರೀಕ್ಷೆ ಮಾಡಿಸಬೇಕು. ಎಷ್ಟು ಮೆಲ್ಲಗೆ ಹೇಳಬೇಕೆಂದುಕೊಂಡರೂ ಮಾತುಗಳು ಒಂದರ ಮೇಲೊಂದು ಬಿದ್ದವು. ಅತ್ತಿಗೆ ಕೂಸನ್ನು ನನ್ನ ಕೈಯಿಂದ ಎಳೆದುಕೊಂಡಳು.

“ಆ ಮಣ್ಣು ಇಷ್ಟು ವರ್ಷ ಅಡಿಗೆ ಸುಮ್ಮನೆ ಇತ್ತು. ಅಷ್ಟು ಆಳಕ್ಕೆ ಯಾರೂ ಮುಟ್ತಿರಲಿಲ್ಲ,” ಎಂದಳು. “ನೀವು ಬಂದು ಕೆದಕಿ ಕೆದಕಿ ಮೇಲೆ ತಂದ್ರಿ. ಹುಳ ತಿಂತದೆ, ಹುಳ ತಿಂತದೆ ಅಂದ್ರಿ. ಈಗ ನೋಡಿದ್ರೆ ನನ್ನ ಕೂಸು ತಿಂದದೆ.”

ಅಣ್ಣ ಅವಳನ್ನು ತಡೆಯಲು ಹೋದ. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿ ಏನಿದೆಯೆಂದು ಯಾರಿಗೂ ನೆನಪಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಸಮಾಧಾನ ಕೊಡುವ ಮಾತಲ್ಲ.

ಮರುದಿನ ಕುಮಟಾದಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ರಕ್ತ ತೆಗೆದು ಹೊರಗಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು, ಬರಲು ಸಮಯ ಹಿಡಿಯುತ್ತದೆ ಎಂದರು. ಅದೇ ವಾರ ನಾನು ಮೂಲೆಯ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿದೆ. ಅಲ್ಲಿಂದ ಕಾಯುವುದು ಶುರುವಾಯಿತು. ಅಣ್ಣ ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿ, ದೂರದ ಸಂಬಂಧಿಕರ ಮನೆಯಿಂದ ಬೈಕಿನ ಮೇಲೆ ಕ್ಯಾನು ಕಟ್ಟಿ ನೀರು ತರತೊಡಗಿದ. ಅತ್ತಿಗೆ ನನ್ನೊಡನೆ ಮಾತು ಬಿಟ್ಟಳು. ನಾನು ಫೋನು ಮಾಡಿದರೆ ಆಯಿಯೇ ಎತ್ತುತ್ತಿದ್ದಳು. ಕೂಸು ಊಟ ಬಿಟ್ಟಿತಂತೆ ಎಂದರೆ ಸೀಸದಿಂದಲೇ ಇರಬೇಕು, ರಚ್ಚೆ ಹಿಡಿಯಿತಂತೆ ಎಂದರೆ ಅದರಿಂದಲೇ, ಹೇಳಿದ ಮಾತು ಮರೆತಿತಂತೆ ಎಂದರೆ ಅದರಿಂದಲೇ. ಎಲ್ಲ ಮಕ್ಕಳೂ ಮಾಡುವುದನ್ನೇ ಅದು ಮಾಡುತ್ತಿತ್ತು, ಆದರೆ ಅದು ಏನು ಮಾಡಿದರೂ ನನಗೆ ಭಯವಾಗುತ್ತಿತ್ತು.

ಆ ನಡುವೆ ಇನ್ನೊಂದು ಯೋಚನೆ ಹೊಕ್ಕಿತು. ಕಿಟ್ಟ ಹೂತ ಗುಂಡಿ ಸರಿಯಾಗಿ ಎಲ್ಲಿತ್ತು? ರಸ್ತೆಯ ಬದಿಗೋ, ಬಾವಿಯ ಬದಿಗೋ? ನಾನೂ ಅಣ್ಣನೂ ಆಗ ಸಣ್ಣವರು, ನೆನಪು ಗಟ್ಟಿಯಿಲ್ಲ. ಆಯಿ ಶೆಡ್ಡಿನ ಹಿಂದೆ ಹೋದವಳೇ ಅಲ್ಲ. ಗೊತ್ತಿದ್ದರೆ ಭಟ್ಕಳದ ಒಬ್ಬರಿಗೆ ಗೊತ್ತಿರಬೇಕು. ಅಪ್ಪನ ಜೊತೆ ಕೆಲವು ವರ್ಷ ಪಾಲಿನಲ್ಲಿ ಕೆಲಸ ಮಾಡಿದ ಹಿರಿಯರು. ಆಮೇಲೆ ಅದನ್ನು ಬಿಟ್ಟು ತಮ್ಮೂರಲ್ಲಿ ಬಟ್ಟೆ ಅಂಗಡಿ ಇಟ್ಟರು. ಅಪ್ಪ ತೀರಿಕೊಂಡಾಗ ಬಂದಿದ್ದರು. ಆಯಿಯ ಹತ್ತಿರ ಅವರ ನಂಬರು ಇತ್ತು.

ಅವರ ಮನೆ ಪೇಟೆಯ ಒಳಗಿನ ಓಣಿಯಲ್ಲಿ. ಬಾಗಿಲಲ್ಲೇ ಕಾಯುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಹೆಂಗಸರೊಡನೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ ಚಹಾ ತರಿಸಿದರು. ನಾನು ಬಂದ ಕಾರಣ ಹೇಳುತ್ತ ಹೋದಂತೆ ಅವರು ಚಹಾ ಮುಟ್ಟದೆ ಕೂತರು.

“ಗುಂಡಿ ರಸ್ತೆ ಕಡೆಗೇ, ಬೇಟೀ,” ಎಂದರು ಕೊನೆಗೆ. “ಬಾವಿ ಕಡೆ ಅಲ್ಲ. ಅದು ನನಗೆ ಖಾತ್ರಿ ಅದೆ. ಬಾವಿ ಹತ್ರ ಹಾಕ್ಲಿಕ್ಕೆ ನಿನ್ನಪ್ಪ ಬಿಡ್ತಾನೇ ಇರಲಿಲ್ಲ. ಆಸಿಡ್ ಅಂದ್ರೆ ಅವನಿಗೆ ಭಯ. ಸೀಸದ್ದು ಭಯ ಇರಲಿಲ್ಲ. ಯಾರಿಗೂ ಇರಲಿಲ್ಲ.”

“ನೀವು ಯಾಕೆ ಬಿಟ್ರಿ ಚಾಚಾ?”

“ಹೊಟ್ಟೆ ನೋವು. ತಿರುಚಿದ ಹಾಗೆ ಆಗ್ತಿತ್ತು. ಡಾಕ್ಟರು ಈ ಕೆಲಸ ಬಿಡು ಅಂದ್ರು, ಬಿಟ್ಟೆ. ನಿನ್ನಪ್ಪನಿಗೂ ಹೇಳಿದೆ. ಅವನು ನಕ್ಕ. ಬಲೆಗೆ ಗುಂಡು ಯಾರು ಮಾಡ್ತಾರೆ ಅಂದ.” ತಣ್ಣಗಾದ ಚಹಾ ಬದಿಗೆ ಸರಿಸಿದರು. “ಅವನ ಕೈ ಆಗಲೇ ಬಿದ್ದಿತ್ತು. ಮಣಿಕಟ್ಟು ಮೇಲೆ ಏಳ್ತಿರಲಿಲ್ಲ. ನಿನಗೆ ನೆನಪು ಅದೆಯಾ?”

ನೆನಪಿತ್ತು. ಅಪ್ಪ ಊಟಕ್ಕೆ ಕೂತಾಗ ಬಲಗೈಯನ್ನು ಎಡಗೈಯಿಂದ ಎತ್ತಿ ಬಾಯಿಗೆ ಒಯ್ಯುತ್ತಿದ್ದ. ವಾಯು ಎಂದು ಯಾರೋ ಹೇಳಿ ಎಣ್ಣೆ ತಿಕ್ಕಿಸಿದ್ದರು. ಹೊಟ್ಟೆನೋವಿಗೆ ಹುಣ್ಣು ಎಂದು ಔಷಧ ಕೊಟ್ಟಿದ್ದರು. ಸೀಸ ನರಕ್ಕೆ ಹತ್ತಿದರೆ ಮಣಿಕಟ್ಟು ಹೀಗೆಯೇ ಜೋತುಬೀಳುತ್ತದೆ ಎಂದು ಓದಿದವಳು ನಾನು. ಅದನ್ನು ಅಪ್ಪನ ಕೈಯೊಡನೆ ಜೋಡಿಸಿ ನೋಡಬೇಕೆಂದು ಅಂದಿನವರೆಗೆ ಹೊಳೆದೇ ಇರಲಿಲ್ಲ.

ಹೊರಡುವಾಗ ಹಿರಿಯರು ಬಸ್ ಸ್ಟ್ಯಾಂಡಿನವರೆಗೂ ಬಂದರು. “ಕೂಸಿನದು ರಿಪೋರ್ಟ್ ಬಂದರೆ ಒಂದು ಫೋನ್ ಮಾಡು. ದುವಾ ಮಾಡ್ತೇನೆ,” ಎಂದರು. ಗುಂಡಿ ರಸ್ತೆ ಬದಿಗಿದೆ ಎಂಬುದು ಸ್ವಲ್ಪ ಧೈರ್ಯ ಕೊಟ್ಟಿತು. ಆದರೆ ಬಸ್ಸಿನಲ್ಲಿ ಕೂತ ಮೇಲೆ, ಜೆಸಿಬಿ ಸಮ ಮಾಡುವಾಗ ಮಣ್ಣನ್ನು ಯಾವ ಕಡೆಗೆ ತಳ್ಳಿತ್ತು ಎಂಬ ಪ್ರಶ್ನೆ ಎದ್ದು, ಇದ್ದ ಧೈರ್ಯವೂ ಹೋಯಿತು.

ನೀರಿನ ಫಲಿತಾಂಶ ಮೊದಲು ಬಂತು. ನೀರಿನಲ್ಲಿ ಸೀಸ ಇರಲಿಲ್ಲ. ಮಣ್ಣಿನದು ಆಮೇಲೆ ಬಂತು, ಅದರಲ್ಲಿ ಇರಬಾರದಷ್ಟು ಇತ್ತು. ಕೂಸಿನದು ಎಲ್ಲಕ್ಕಿಂತ ತಡವಾಗಿ ಬಂತು. ಅಣ್ಣ ವೈದ್ಯರ ಕೋಣೆಯಿಂದಲೇ ಫೋನು ಮಾಡಿ, “ನೀನೇ ಕೇಳು, ನನಗೆ ತಿಳಿಯುದಿಲ್ಲ,” ಎಂದು ಅವರ ಕೈಗೆ ಕೊಟ್ಟ. ಇರಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಆದರೆ ಔಷಧ ಕೊಟ್ಟು ಇಳಿಸುವ ಮಟ್ಟಕ್ಕೆ ಹೋಗಿಲ್ಲ ಎಂದರು ವೈದ್ಯರು. ಮಣ್ಣು ಬಾಯಿಗೆ ಹೋಗದಂತೆ ನೋಡಬೇಕು. ಕೂಸಿಗೆ ರಕ್ತ ಕಡಿಮೆ ಇದೆ, ಮಣ್ಣು ತಿನ್ನುವ ಚಟಕ್ಕೆ ಅದೂ ಕಾರಣ ಇರಬಹುದು, ಕಬ್ಬಿಣದ ಅಂಶದ ಸಿರಪ್ಪು ಕೊಡಿ, ಹಾಲು, ರಾಗಿ, ಮೊಟ್ಟೆ ಕೊಡಿ. ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ. ನಾನು ಮತ್ತೆ ಮತ್ತೆ ಅದನ್ನೇ ಕೇಳಿದೆನೇನೋ, ಕೊನೆಗೆ ಅವರು, “ಮೇಡಂ, ಸಮಯಕ್ಕೆ ಗೊತ್ತಾಗಿದೆ, ಅಷ್ಟು ಸಾಕು ಈಗ,” ಎಂದು ಫೋನಿಟ್ಟರು.

ಸಮಯಕ್ಕೆ ಗೊತ್ತಾದದ್ದು ಟ್ಯಾಂಕರು ಬಿದ್ದದ್ದರಿಂದ. ಎಣ್ಣೆ ಕರಗದೆ ಉಳಿಯದಿದ್ದರೆ ಆ ಮೂಲೆಯನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಇದನ್ನು ಅತ್ತಿಗೆಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ. ಅವಳೇ ಒಂದು ದಿನ ಫೋನು ಮಾಡಿದಳು. ರಾಗಿ ಅಂಬಲಿಗೆ ಬೆಲ್ಲ ಹಾಕಬಹುದೇ ಎಂದು ಕೇಳಿದಳು. ಹಾಕಬಹುದು ಎಂದೆ. “ಆತು,” ಎಂದು ಇಟ್ಟಳು. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ಮೂಲೆಯದು ಮಾತ್ರ ಬಗೆಹರಿಯಲಿಲ್ಲ. ಪಂಚಾಯತಿಗೆ, ತಾಲೂಕು ಕಚೇರಿಗೆ ಅಣ್ಣನೊಡನೆ ಅಲೆದೆ. ಟ್ಯಾಂಕರಿನ ಕಡೆಯವರು, ಎಣ್ಣೆ ನಮ್ಮದು, ಸೀಸ ನಮ್ಮದಲ್ಲ ಎಂದರು. ಅದು ನಿಜವೂ ಹೌದು. ಅಧಿಕಾರಿಯೊಬ್ಬರು ಬಂದು ನೋಡಿ, ಅಗೆದು ಸಾಗಿಸುವುದಾದರೆ ವಿಷದ ಕಸಕ್ಕೆಂದೇ ಇರುವ ಜಾಗಕ್ಕೆ ಸಾಗಿಸಬೇಕು, ಮೇಲಿನವರಿಗೆ ಬರೆಯುತ್ತೇನೆ ಎಂದು ಹೋದರು. ಮಳೆಗಾಲ ಹತ್ತಿರ ಬರುತ್ತಿತ್ತು. ನಾನು ಜಾಡಿಗಳಲ್ಲಿ ಮತ್ತೆ ಪ್ರಯೋಗ ಶುರು ಮಾಡಿದೆ. ಮೂಲೆಯ ಮಣ್ಣಿಗೆ ಸುಣ್ಣ ಬೆರೆಸಿ ಆಸಿಡಿನ ಹುಳಿ ಮುರಿದೆ. ಎಲುಬಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದೆ. ಇವು ಸೀಸವನ್ನು ಹಿಡಿದಿಟ್ಟುಕೊಂಡರೆ ಅದರ ವಿಷ ಜೀವಿಗಳಿಗೆ ಅಷ್ಟಾಗಿ ತಾಗುವುದಿಲ್ಲ. ಆಮೇಲೆ ಒಳ್ಳೆಯ ಮಣ್ಣಿನ ಬ್ಯಾಕ್ಟೀರಿಯಾ ಬಿಟ್ಟೆ. ಬಹಳ ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಬಟ್ಟಲಿನ ತಿಳಿನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಒರೆಸಿ ಮತ್ತೆ ನೋಡಿದೆ. ಪೊರೆಯೇ. ಒಳ್ಳೆಯ ಮಣ್ಣಿನಷ್ಟು ಅಲ್ಲ, ಅದರ ಹತ್ತಿರವೂ ಅಲ್ಲ. ಆದರೂ ಏನೋ ಒಂದು ಉಸಿರಾಡುತ್ತಿತ್ತು.

ಅಣ್ಣನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ. “ಹಂಗಾರೆ ಸೀಸ ಹೋತದಾ?”

“ಇಲ್ಲ. ಎಣ್ಣೆ ಹೋಗಬಹುದು. ಸೀಸ ಅಲ್ಲೇ ಇರ್ತದೆ. ಅಲುಗಾಡದಂಗೆ ಇಡಬಹುದು ಅಷ್ಟೇ.”

ಮಳೆಗೆ ಮುಂಚೆ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸು ಹಾಕಿಕೊಂಡು, ಧೂಳು ಏಳದಂತೆ ನೀರು ಹೊಡೆದುಕೊಂಡು, ಅವನೂ ನಾನೂ ಸುಣ್ಣ, ಎಲುಬಿನ ಪುಡಿ, ಗೊಬ್ಬರವನ್ನು ಮೂಲೆಗೆ ಬೆರೆಸಿದೆವು. ಸುತ್ತ ಬೇಲಿ ಹಾಕಿದೆವು. ಮಳೆ ಬಿರುಸಾದಾಗ ದಪ್ಪ ಟಾರ್ಪಾಲಿನ ತಾಡಪತ್ರೆ ಹೊದೆಸಿ ಸುತ್ತ ಜೇಡಿಮಣ್ಣಿನ ಒಡ್ಡು ಕಟ್ಟಿದ್ದಾಯಿತು. ಒಡ್ಡು ಕಟ್ಟುವ ಮುಂಚೆ ಅಣ್ಣ ರಸ್ತೆ ಕಡೆಗೆ ಕಾಲುವೆ ಬಿಡಿಸಲು ಹೋಗಿದ್ದ, ಆಮೇಲೆ ತಾನೇ ನಿಲ್ಲಿಸಿದ. “ಆ ನೀರು ಮುಂದೆ ಎಲ್ಲಿಗೆ ಹೋತದೆ? ಮತ್ತೊಬ್ಬರ ಗದ್ದೆಗೇ ಅಲ್ದಾ?” ಎಂದ. ಆ ಮಳೆಗಾಲ ಪೂರ್ತಿ ಜೋರು ಮಳೆ ಬಿದ್ದಾಗಲೆಲ್ಲ ನಾನು ಹೊನ್ನಾವರದಿಂದ ಫೋನು ಮಾಡಿ ತಾಡಪತ್ರೆ ಸರಿಯಾಗಿದೆಯೇ ಎಂದು ಕೇಳುತ್ತಿದ್ದೆ. ಅಣ್ಣ ಬೇಸರವಿಲ್ಲದೆ ಹೋಗಿ ನೋಡಿ ಬಂದು ಹೇಳುತ್ತಿದ್ದ.

ಉಳಿದ ಗದ್ದೆಯಲ್ಲಿ ಭತ್ತ ಬಂತು. ಕಾಳನ್ನೂ ಪರೀಕ್ಷೆ ಮಾಡಿಸಿದೆವು, ಸರಿಯಿತ್ತು. ಮಳೆ ಮುಗಿದ ಮೇಲೆ ಕೂಸಿನ ರಕ್ತ ಮತ್ತೆ ನೋಡಿದರು. ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಇಳಿದಿತ್ತು. ಈ ಸಲ ಫೋನು ಮಾಡಿದವಳು ಅತ್ತಿಗೆ. ಹೇಳುತ್ತ ಹೇಳುತ್ತ ಅಳತೊಡಗಿದಳು, ನಾನೂ ಅತ್ತೆ.

ಆಯಿ ಇಷ್ಟು ದಿನ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ನಾನು ಆ ವಾರ ಊರಿಗೆ ಹೋದಾಗ ಹಿತ್ತಲಲ್ಲಿ ಬಸಳೆ ಕೊಯ್ಯುತ್ತ ಕೇಳಿದಳು.

“ಮಗಾ, ಅಪ್ಪನ ಹೊಟ್ಟೆನೋವು ಅದೇ ಆಗಿತ್ತಾ?”

ಸುಳ್ಳು ಹೇಳಬಹುದಿತ್ತು. “ಇರಬಹುದು ಆಯಿ. ಖಾತ್ರಿ ಹೇಳಲಿಕ್ಕೆ ಈಗ ಆಗುದಿಲ್ಲ,” ಎಂದೆ.

“ಕೈ?”

“ಅದೂ ಇರಬಹುದು.”

ಅವಳು ಕೊಯ್ದ ಎಲೆಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು. “ಅವನ ಅಂಗಿ ನಾನೇ ಒಗೀತಿದ್ದೆ. ಎಷ್ಟು ಒಗೆದ್ರೂ ಬೂದು ಹೋಗ್ತಿರಲಿಲ್ಲ,” ಎಂದಳು. ಮತ್ತೆ ಬಳ್ಳಿಗೆ ಕೈ ಹಾಕಿದಳು. ಅವಳ ಕೈಗಳನ್ನೇ ನೋಡುತ್ತ ನಿಂತೆ. ಚೆನ್ನಾಗಿಯೇ ಇದ್ದವು, ವಯಸ್ಸಿಗೆ ತಕ್ಕ ನಡುಕ ಮಾತ್ರ. ವಯಸ್ಸಿಗೆ ತಕ್ಕದ್ದೇ ಹೌದೇ ಎಂದು ಮನಸ್ಸು ಅಲ್ಲಿಗೂ ಹೋಯಿತು.

ಮರುದಿನ ನಾನೂ ಅಣ್ಣನೂ ಆಯಿಯನ್ನು ಕರೆದುಕೊಂಡು ಕುಮಟಾಕ್ಕೆ ಹೋಗಿ ಮೂವರೂ ರಕ್ತ ಕೊಟ್ಟೆವು. ಆ ಶೆಡ್ಡಿನಲ್ಲಿ ಆಡಿ ಬೆಳೆದವರು ನಾವು, ಅಂಗಿ ಒಗೆದವಳು ಅವಳು. ಕೆಲವು ದಿನಗಳ ಮೇಲೆ ಮೂವರೂ ಮತ್ತೆ ಹೋಗಿ ಕೇಳಿದಾಗ, ಯಾರಲ್ಲೂ ಸೀಸ ಹೆಚ್ಚೇನಿರಲಿಲ್ಲ. ಅಣ್ಣ ನಿರಾಳವಾದ. ವೈದ್ಯರು ಮಾತ್ರ ಒಂದು ಮಾತು ಸೇರಿಸಿದರು. ರಕ್ತ ಹೇಳುವುದು ಹತ್ತಿರದ ತಿಂಗಳುಗಳ ವಿಷಯ, ಹಳೆಯದು ಎಲುಬಿನಲ್ಲಿ ಕೂತಿರುತ್ತದೆ, ಅದನ್ನು ರಕ್ತ ಹೇಳುವುದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಅಣ್ಣ ಕೇಳಿದ, “ಹಂಗಾರೆ ನಮ್ಮದು ಗೊತ್ತಾಗುದು ಹೆಂಗೆ?”

“ಗೊತ್ತಾಗುದಿಲ್ಲ,” ಎಂದೆ.

ಅವನು ತಲೆಯಾಡಿಸಿದ. ಆಯಿಗೆ ಹಸಿವಾಗಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಬನ್ಸು, ಚಹಾ ತೆಗೆದುಕೊಂಡೆವು. ಅಣ್ಣ ಈ ಸಲ ಈರುಳ್ಳಿಯನ್ನು ಬೇಲಿಯಿಂದ ಎಷ್ಟು ದೂರ ಬಿಟ್ಟು ನಾಟಿ ಮಾಡಬೇಕೆಂದು ಕೇಳಿದ. ನಾನು ಹೇಳಿದೆ. ಅದಕ್ಕಿಂತ ಇನ್ನೂ ಸ್ವಲ್ಪ ದೂರ ಬಿಡುತ್ತೇನೆ ಎಂದ.